ಕುರ್ಚಿಗೆ ಬಿದ್ದ ಹೊಲಿಗೆ

ಸಿಡುಕಪ್ಪನ ಪ್ಯಾಂಟು ಹರಿದದ್ದು ಬೂಟಿನ ಲೇಸಿನ ದೆಸೆಯಿಂದ. ಬೆಳಿಗ್ಗೆ ಆಫೀಸಿಗೆ ಹೊರಡುವ ಆತುರದಲ್ಲಿ ಲೇಸಿಗೆ ಕಗ್ಗಂಟು ಬಿತ್ತು. ಅದರ ಮೇಲೆ ಸಿಟ್ಟು ಬಂದು ಅವನು ರಪ್ಪನೆ ಬಗ್ಗಿ ಎಳೆದ. ಲೇಸು ಇದ್ದ ಹಾಗೇ ಇತ್ತು. ಪ್ಯಾಂಟಿನ ಪಕ್ಕದ ಹೊಲಿಗೆ ಮಾತ್ರ ಸೊಂಟದಿಂದ ಜೇಬಿನ ಕೆಳಗಿನವರೆಗೆ ಪರಪರನೆ ಬಿಟ್ಟುಕೊಂಡಿತು.

ಸಿಡುಕಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಅವರು ಇಟ್ಟ ಹೆಸರು ಏನೋ ಇತ್ತು, ಅದು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವನು ಗುಮಾಸ್ತ. ನಲ್ಲಿಯಲ್ಲಿ ನೀರು ಬರದವರು ಬಂದು ಅವನ ಮೇಲೆ ರೇಗುತ್ತಿದ್ದರು, ಅವನು ಅವರ ಮೇಲೆ ರೇಗುತ್ತಿದ್ದ. ಸಂಜೆಯ ಹೊತ್ತಿಗೆ ಎರಡೂ ಕಡೆಯವರ ಎದೆ ಹಗುರಾಗಿ, ನೀರೊಂದು ಬಿಟ್ಟು ಮಿಕ್ಕೆಲ್ಲ ಸಿಕ್ಕಂತಾಗಿ, ಅವರವರ ಮನೆಗೆ ಹೋಗುತ್ತಿದ್ದರು.

"ಬಿಚ್ಚಿ ಕೊಡಿ, ಈಗಲೇ ಎರಡು ಹೊಲಿಗೆ ಹಾಕ್ತೀನಿ," ಎಂದಳು ಹೆಂಡತಿ.

ಅವನು ಕೊಟ್ಟುಬಿಡುತ್ತಿದ್ದ. ಆದರೆ ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗಲು ಬಂದು, ಹೋಗುವ ಮಾತನ್ನು ಮರೆತಿದ್ದ ಅತ್ತೆ ಕಿಟಕಿಯ ಪಕ್ಕದಿಂದ ಬಾಯಿ ಹಾಕಿದರು.

"ನಮ್ಮ ಚಿಕ್ಕ ಅಳಿಯಂದಿರು ಅವರ ಬಟ್ಟೆ ಅವರೇ ಹೊಲ್ಕೋತಾರಮ್ಮ. ಅವರು ಗುಂಡಿ ಹಾಕಿದ್ರೆ ಅಂಗಿ ಹರೀಬೇಕೇ ಹೊರತು ಗುಂಡಿ ಬೀಳಲ್ಲ."

ಷಡ್ಡಕನ ಸುದ್ದಿ ಬಂದರೆ ಸಿಡುಕಪ್ಪನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ. "ಹೊಲಿಗೆ ಏನು ಬ್ರಹ್ಮವಿದ್ಯೆನಾ? ಸೂಜಿಗೆ ಒಂದು ತೂತು, ಬಟ್ಟೆಗೆ ನೂರು ತೂತು. ಕೊಡಿಲ್ಲಿ ಸೂಜೀನ!"

ಪ್ಯಾಂಟು ಬಿಚ್ಚಿ, ಟವೆಲು ಸುತ್ತಿಕೊಂಡು, ಮಂಚದ ಮೇಲೆ ಕೂತು ಸೂಜಿಗೆ ದಾರ ಪೋಣಿಸತೊಡಗಿದ. ದಾರ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ತೂತೊಂದನ್ನು ಬಿಟ್ಟು ಲೋಕವನ್ನೆಲ್ಲ ಸುತ್ತಿ ಬಂತು. ಅವನು ಸೂಜಿಯನ್ನು ಬೈದ, ಸೂಜಿ ಮಾಡಿದವನನ್ನು ಬೈದ, ಅವನ ವಂಶವನ್ನು ಬೈದ.

"ದಾರದ ತುದಿ ಓರೆಯಾಗಿ ಕತ್ತರಿಸಿ, ಸಲೀಸಾಗಿ ಹೋಗುತ್ತೆ," ಎಂದಳು ಹೆಂಡತಿ. "ಅಷ್ಟುದ್ದ ಬೇಡ, ಮೊಳದುದ್ದ ಸಾಕು. ಉದ್ದ ಆದ್ರೆ ಸಿಕ್ಕಾಗುತ್ತೆ. ತುದಿಗೆ ಗಂಟು ಹಾಕ್ಕೊಳ್ಳಿ. ಪ್ಯಾಂಟು ತಿರುವಿ ಒಳಮಗ್ಗುಲಿಂದ ಹೊಲೀರಿ. ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬನ್ನಿ, ಆಗ ಹೊಲಿಗೆ ಗಟ್ಟಿ. ಇನ್ನೊಂದು, ಮೈಮೇಲೆ ಬಟ್ಟೆ ಇಟ್ಕೊಂಡು ಯಾವತ್ತೂ..."

"ಹಿಂದೆ ಬರೋ ಹೊಲಿಗೆ ನನಗೆ ಬೇಡ. ನಾನು ಮುಂದೆ ಹೋಗೋ ಮನುಷ್ಯ!"

ಮುಂದೆಯೇ ಹೋದ. ಉದ್ದನೆಯ ದಾರದಲ್ಲಿ, ತುದಿಗೆ ಗಂಟಿಲ್ಲದೆ, ಹನುಮಂತ ಸಮುದ್ರ ದಾಟಿದಷ್ಟು ಉದ್ದದ ಹೆಜ್ಜೆಗಳನ್ನಿಟ್ಟು ಹೊಲಿದು ಮುಗಿಸಿದ. ಅತ್ತೆಯ ಮುಂದೆ ಪ್ಯಾಂಟು ತೊಟ್ಟು ಒಮ್ಮೆ ನಡೆದು ತೋರಿಸಿ, ಬಾಗಿಲನ್ನು ಧಡಾರನೆ ಹಾಕಿಕೊಂಡು ಹೊರಟ.

ಬಸ್ಸಿನಲ್ಲಿ ಪಕ್ಕದಲ್ಲಿ ನಿಂತಿದ್ದವನೊಬ್ಬ ಬಹಳ ಸಜ್ಜನ. "ಸಾರ್, ದಾರ ನೇತಾಡ್ತಿದೆ," ಎಂದ. ಹೇಳಿ ಸುಮ್ಮನಿರಬಹುದಿತ್ತು, ಪರೋಪಕಾರ ಬುದ್ಧಿಯಿಂದ ಹಿಡಿದು ಎಳೆದ. ಗಂಟಿಲ್ಲದ ದಾರ ನಂಟಿಲ್ಲದ ನೆಂಟನ ಹಾಗೆ, ಕರೆದವರ ಹಿಂದೆ ಹೊರಟುಬಿಡುತ್ತದೆ. ಇಡೀ ಹೊಲಿಗೆ ಸರ್ರನೆ ಬಂದು ಆ ಸಜ್ಜನನ ಕೈ ಸೇರಿತು. "ನೋಡಿ, ಎಲ್ಲಾ ಬಂತು!" ಎಂದು ಅವನು ಹೆಮ್ಮೆಯಿಂದ ದಾರ ಕೊಟ್ಟ. ಸಿಡುಕಪ್ಪ ಅವನಿಗೆ ಅಂದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸೊಂಟಕ್ಕೆ ಊಟದ ಚೀಲ ಅಡ್ಡ ಹಿಡಿದುಕೊಂಡು ಅವನು ಕಚೇರಿ ಹೊಕ್ಕ. ಚೀಲದ ಅಂಚಿನಲ್ಲಿ ಸೂಜಿ ಚುಚ್ಚಿತ್ತು, ಒಳಗೆ ದಪ್ಪ ಕರಿ ದಾರದ ಉಂಡೆ ಇತ್ತು. ಗಂಡನ ಹೊಲಿಗೆಯ ಮೇಲೆ ಹೆಂಡತಿಗೆ ಎಷ್ಟು ನಂಬಿಕೆ ಎಂಬುದನ್ನು ಕಂಡು ಅವನ ಸಿಟ್ಟು ಇನ್ನೊಂದು ಮೆಟ್ಟಿಲು ಹತ್ತಿತು.

ಆ ಕಚೇರಿಯ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಹೋದ ತಿಂಗಳು ಹೊಸ ಸಾಹೇಬರು ಬಂದಿದ್ದರು. ಬಂದವರೇ ಎರಡು ಸುಧಾರಣೆ ಮಾಡಿದರು. ಮೊದಲನೆಯದು, ಕಚೇರಿಯ ಕತ್ತರಿ, ಬ್ಲೇಡುಗಳೆಲ್ಲ ಕಳುವಾಗುತ್ತವೆಂದು ತಮ್ಮ ಮೇಜಿನೊಳಗೆ ಹಾಕಿ ಬೀಗ ಜಡಿದರು. ಎರಡನೆಯದು, ತಾವು ದೊಡ್ಡ ಕೋಣೆಯನ್ನು ದಾಟಿ ಹೋಗುವಾಗ ಎಲ್ಲರೂ ಎದ್ದು ನಿಲ್ಲಬೇಕು, ತಮ್ಮ ಬಾಗಿಲು ಮುಚ್ಚುವವರೆಗೆ ನಿಂತೇ ಇರಬೇಕು. ಬಾಗಿಲಿನದು ನಿಧಾನದ ಸ್ವಭಾವ. ಸಾಹೇಬರದು ಒಂದು ಕಡೆ ಕೂರದ ಸ್ವಭಾವ. ಹೀಗಾಗಿ ನೀರಿನ ಕಚೇರಿಯವರು ಕೂರುವುದು ಏಳುವುದರಲ್ಲೇ ಬೆವರು ಸುರಿಸುತ್ತಿದ್ದರು.

ಎಲ್ಲರಿಗಿಂತ ಕಷ್ಟ ನಕ್ಷೆ ಬರೆಯುವ ಅಮ್ಮನಿಗೆ. ನಿವೃತ್ತಿ ಹತ್ತಿರವಾಗಿತ್ತು, ಮಂಡಿ ಎರಡೂ ಆಗಲೇ ನಿವೃತ್ತಿಯಾಗಿದ್ದವು. ಸಾಹೇಬರ ಬೂಟಿನ ಸದ್ದು ಕೇಳಿದ ಕೂಡಲೇ ಆಕೆ ಮೇಜಿನ ಅಂಚು ಹಿಡಿದು, ಕೆಳತುಟಿ ಕಚ್ಚಿ, ಒಂದೊಂದೇ ಕಾಲು ನೆಟ್ಟಗೆ ಮಾಡುತ್ತಿದ್ದರು. ಪೂರ್ತಿ ನಿಲ್ಲುವ ಹೊತ್ತಿಗೆ ಮತ್ತೆ ಕೂರುವ ಸಮಯವಾಗುತ್ತಿತ್ತು. ನೌಕರರ ಸಂಘದ ಕಾರ್ಯದರ್ಶಿ, ಪಂಪು ನೋಡಿಕೊಳ್ಳುವವನು, ಇದನ್ನು ಕಂಡು ದಿನಾ ಹಲ್ಲು ಕಡಿಯುತ್ತಿದ್ದ. "ಸಂದರ್ಭ ಒದಗಿ ಬರ್ಲಿ, ತೋರಿಸ್ತೀನಿ," ಎನ್ನುತ್ತಿದ್ದ. ಹಾಗೆನ್ನುತ್ತಲೇ ಎದ್ದು ನಿಲ್ಲುತ್ತಿದ್ದ.

ಸಿಡುಕಪ್ಪ ತನ್ನ ಕುರ್ಚಿಯಲ್ಲಿ ಕೂತ. ಕಬ್ಬಿಣದ ಕುರ್ಚಿ, ಅದರ ಮೇಲೆ ದಪ್ಪ ಬಟ್ಟೆಯ ಮೆತ್ತೆ. ಪಕ್ಕದ ವಿಭಾಗದವರು ಮೆತ್ತೆ ಕದಿಯುತ್ತಾರೆಂಬ ಸಿಟ್ಟಿನಲ್ಲಿ ಅವನೇ ಅದನ್ನು ಕುರ್ಚಿಯ ನಾಲ್ಕು ಕಾಲಿಗೂ ಎಳೆದು ಬಿಗಿದಿದ್ದ. ಸೂಜಿ ತೆಗೆದ. ಈ ಸಲ ಅವನು ಹೆಂಡತಿಯ ಪಾಠವನ್ನು ಅಕ್ಷರಶಃ ಪಾಲಿಸಿದ. ಪ್ಯಾಂಟು ತಿರುವುವ ಮಾತನ್ನೂ, ಅವಳು ಹೇಳುವಾಗ ತಾನು ಅಡ್ಡ ಬಾಯಿ ಹಾಕಿ ನಿಲ್ಲಿಸಿದ ಆ ಕೊನೆಯ ಮಾತನ್ನೂ ಬಿಟ್ಟು. ದಾರ ಎರಡೆಳೆ ಮಾಡಿದ. ಗಂಟಿನ ಮೇಲೆ ಗಂಟು ಹಾಕಿದ. ಸೊಂಟ ತಿರುಗಿಸಿ, ತೊಟ್ಟ ಪ್ಯಾಂಟಿಗೇ ಸೂಜಿ ಇಳಿಸಿದ.

ಪಕ್ಕದ ಮೇಜಿನ ನಕ್ಷೆಯಮ್ಮ ನೋಡಿದರು. "ನಾನು ಹಾಕಿ ಕೊಡ್ಲಾಪ್ಪ? ಅಲ್ಲಿ ನಿಮ್ಮ ಕಣ್ಣು ಹೋಗಲ್ಲ."

"ನಿಮ್ಮ ನಕ್ಷೆ ನೀವು ನೋಡ್ಕೊಳ್ಳಿ! ಹೊಲಿಗೆ ನನಗೆ ಬರುತ್ತೆ."

ಆಕೆ ಮುಖ ಚಿಕ್ಕದು ಮಾಡಿಕೊಂಡು ತಿರುಗಿದರು. ಅವನು ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಹೊಲಿದ. ಬಟ್ಟೆ ಯಾಕೋ ಗಡುಸಾಗಿತ್ತು. ಗಡುಸಾದಷ್ಟೂ ಸಿಟ್ಟು ಬಂತು, ಸಿಟ್ಟು ಬಂದಷ್ಟೂ ಆಳವಾಗಿ ಚುಚ್ಚಿದ. ಸಕ್ಕರೆ ಮೂಟೆಗೆ ಹಾಕುವಂಥ ಹೊಲಿಗೆ ಬಿತ್ತು. ಕೊನೆಗೆ ದಾರವನ್ನು ಹಲ್ಲಿನಿಂದ ಕಡಿದು, "ಹಾ!" ಎಂದ.

ಅಷ್ಟರಲ್ಲಿ ಸಾಹೇಬರ ಬೂಟು ಸದ್ದಾಯಿತು.

ಕುರ್ಚಿಗಳು ಕಿರುಗುಟ್ಟಿದವು. ಎಲ್ಲರೂ ಎದ್ದರು. ಸಿಡುಕಪ್ಪನೂ ಎದ್ದ, ಅರ್ಧ ಎದ್ದ. ಸೊಂಟವನ್ನು ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತಾಗಿ ಧೊಪ್ಪನೆ ಮತ್ತೆ ಕೂತ. ಏನಾಗಿದೆ ಎಂಬುದು ಅವನಿಗೆ ಕ್ಷಣದಲ್ಲಿ ಹೊಳೆಯಿತು. ಪ್ಯಾಂಟಿನ ಜೊತೆಗೆ ಅವನು ಮೆತ್ತೆಯನ್ನೂ ಹೊಲಿದಿದ್ದ. ಆದರೆ ನೋಡುವವರಿಗೆ ಕಂಡದ್ದೇ ಬೇರೆ. ಒಬ್ಬ ಮನುಷ್ಯ ಎಲ್ಲರಂತೆ ಏಳಲು ಹೊರಟು, ಅರ್ಧದಲ್ಲಿ ಯೋಚಿಸಿ, ಯಾಕೆ ಏಳಬೇಕು ಎಂದು ಕುಕ್ಕರಿಸಿ ಕೂತದ್ದು ಕಂಡಿತು.

ಸಾಹೇಬರು ನಿಂತರು. "ಏನ್ರೀ? ಏಳೋಕಾಗಲ್ವಾ?"

"ಆಗಲ್ಲ ಸಾರ್."

"ಏನಂದ್ರಿ?"

"ಏಳೋಕಾಗಲ್ಲ ಅಂದೆ ಸಾರ್."

"ಮೈ ಹುಷಾರಿಲ್ವಾ?"

ಹೌದು ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನನ್ನು ಯಾರಾದರೂ ಅಶಕ್ತ ಎಂದರೆ ಆಗದು. "ಮೈಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ!"

"ಮತ್ತೆ ಏನು ಕಾರಣ?"

ಸಿಡುಕಪ್ಪ ಪಕ್ಕಕ್ಕೆ ನೋಡಿದ. ಹೊಲಿಗೆ ನನಗೆ ಬರುತ್ತೆ ಎಂದು ಈಗ ತಾನೇ ಅನ್ನಿಸಿಕೊಂಡ ನಕ್ಷೆಯಮ್ಮ ಮೇಜು ಹಿಡಿದು ನಿಂತು ಅವನನ್ನೇ ನೋಡುತ್ತಿದ್ದರು. "ಕಾರಣ ಹೇಳೋಕಾಗಲ್ಲ," ಎಂದ.

"ಏಳ್ರೀ ಮೇಲೆ!"

ದಿನವೂ ಕೌಂಟರಿನಲ್ಲಿ ನೀರು ಬರಲ್ಲ ಅಂದ್ರೆ ಬರಲ್ಲ ಎಂದು ಕೂಗಿ ಕೂಗಿ ಅವನ ನಾಲಿಗೆಗೆ ಒಂದು ಜಾಡು ಬಿದ್ದಿತ್ತು. ಅದು ತನ್ನ ಪಾಡಿಗೆ ತಾನು ಓಡಿತು.

"ಏಳೋಕಾಗಲ್ಲ ಅಂದ್ರೆ ಏಳೋಕಾಗಲ್ಲ! ಒಂದು ಸಲ ಹೇಳಿದ್ರೆ ಅರ್ಥ ಆಗಲ್ವಾ? ಮುಂದೆ ಹೋಗಿ!"

ಕೌಂಟರಿನ ಆಚೆ ನಿಂತಿದ್ದ, ವಾರದಿಂದ ಸ್ನಾನ ಕಾಣದ ಮುದುಕನೊಬ್ಬ "ಭೇಷ್!" ಎಂದ. ಸಾಹೇಬರ ಮುಖ ಕೆಂಪಾಗಿ, ಕಪ್ಪಾಗಿ, ಮತ್ತೆ ಕೆಂಪಾಯಿತು. "ನನ್ನ ಕೋಣೆಗೆ ಬಂದು ವಿವರಣೆ ಕೊಡಿ. ಈಗಲೇ!" ಎಂದು ಅಬ್ಬರಿಸಿ ಒಳಗೆ ಹೋದರು. ನಿಧಾನದ ಬಾಗಿಲನ್ನು ಎಳೆದು ಹಾಕಲು ಹೋಗಿ, ಅದು ಬಗ್ಗದೆ, ಒಂದಷ್ಟು ಹೊತ್ತು ಅದರೊಂದಿಗೆ ಹೆಣಗಿದರು.

ಬಾಗಿಲು ಮುಚ್ಚಿದ್ದೇ ತಡ, ಎಲ್ಲರೂ ಸಿಡುಕಪ್ಪನನ್ನು ಮುತ್ತಿದರು. ಕಾರ್ಯದರ್ಶಿಯ ಕಣ್ಣಲ್ಲಿ ನೀರು.

"ನಾವೆಲ್ಲ ಬಾಯಲ್ಲಿ ಆಡಿದ್ವಿ, ನೀವು ಮಾಡಿ ತೋರಿಸಿದ್ರಿ! ಅರ್ಧ ಎದ್ದು ಮತ್ತೆ ಕೂತ್ರಲ್ಲ, ಏನು ಗತ್ತು ಅದು! ಆ ಕ್ಷಣ ಯಾವುದು ನಿಮ್ಮನ್ನ ಹಿಡಿದು ಕೂರಿಸ್ತು, ಹೇಳಿ?"

"ದಾರ!" ಎಂದು ಸಿಡುಕಪ್ಪ ಸಿಡಿದ.

"ದಾರ!" ಕಾರ್ಯದರ್ಶಿ ಗುಂಪಿನ ಕಡೆ ತಿರುಗಿದ. "ಕೇಳಿದ್ರಾ? ನಮ್ಮನ್ನೆಲ್ಲ ಒಂದು ಮಾಡಿರೋ ಒಗ್ಗಟ್ಟಿನ ದಾರ!"

"ಅಲ್ರೀ, ಇದು ನಿಜವಾದ ದಾರ! ಎರಡೆಳೆ!"

"ನಿಜವಾದ ದಾರ! ಒಂದೆಳೆ ದುಡಿಯೋರು, ಇನ್ನೊಂದೆಳೆ ಜನ!" ಕೌಂಟರಿನ ಆಚೆ ಚಪ್ಪಾಳೆ ಬಿತ್ತು. ಮುದುಕ ಮತ್ತೆ "ಭೇಷ್!" ಎಂದ.

ಸಿಡುಕಪ್ಪ ತಲೆ ಚಚ್ಚಿಕೊಂಡ. ಅದನ್ನೂ ಅವರು ಆವೇಶ ಎಂದುಕೊಂಡರು. ಕೊನೆಗೆ ಮೇಜಿನ ಮೇಲಿದ್ದ ಫೋನು ಎಳೆದುಕೊಂಡು ಮನೆಗೆ ಮಾಡಿದ. ಎತ್ತಿದವರು ಅತ್ತೆ. ಸುತ್ತ ಜನ; ಗಟ್ಟಿಯಾಗಿ ಹೇಳುವಂತಿಲ್ಲ. ಕೈ ಅಡ್ಡ ಹಿಡಿದು ಪಿಸುಗುಟ್ಟಿದ.

"ಕತ್ತರಿ ತಗೊಂಡು ಬರೋಕೆ ಹೇಳಿ ಅವಳಿಗೆ. ಚೂಪಾಗಿರೋದು. ಸಾಹೇಬ್ರು ಆಚೆ ಬರೋದ್ರೊಳಗೆ ಮುಗಿಸ್ಬೇಕು. ಯಾರಿಗೂ ಗೊತ್ತಾಗಬಾರದು."

ಆ ಕಡೆ ಅತ್ತೆ ಫೋನು ಇಡುವುದನ್ನೂ ಮರೆತು ಕೂಗಿದ್ದು ಅವನಿಗೆ ಕೇಳಿಸಲಿಲ್ಲ, ಅವನು ಆಗಲೇ ಇಟ್ಟಿದ್ದ. "ಅಯ್ಯೋ ಮಗಳೇ, ನಿನ್ನ ಗಂಡ ಸಾಹೇಬನ್ನ ಕತ್ತರಿಸ್ತಾನಂತೆ ಕಣೇ!"

ಇತ್ತ ಬಹಳ ಹೊತ್ತು ಕಾದರೂ ಸಿಡುಕಪ್ಪ ಒಳಗೆ ಬಾರದೇ ಇದ್ದಾಗ ಸಾಹೇಬರೇ ಹೊರಬಂದರು. "ಬರೋಕೂ ಆಗಲ್ವಾ?"

"ಏಳೋಕಾಗದವನು ಬರೋದು ಹೇಗೆ ಸಾರ್? ಉರುಳ್ಕೊಂಡಾ?"

ಗುಂಪು ಕಿಸಕ್ಕೆಂದಿತು. ಸಾಹೇಬರ ತಾಳ್ಮೆ ತಪ್ಪಿತು. ಕೈ ಎತ್ತಿ, ಬೆರಳು ಅಲ್ಲಾಡಿಸಿ ಕೂಗಿದರು. "ಸೋಮಾರಿ! ಕುರ್ಚಿಗೆ ಅಂಟಿಕೊಂಡಿರೋ ಜಿಗಣೆ! ನಿಮ್ಮಂಥೋರು ಕೆಲಸ ಮಾಡಲ್ಲ, ಬರೀ ಕೂತು ತಿಂತೀರಿ!"

ಬೆಳಗಿನಿಂದ ಲೇಸು, ಸೂಜಿ, ಅತ್ತೆ, ಷಡ್ಡಕ, ಬಸ್ಸಿನ ಸಜ್ಜನ ಎಲ್ಲರೂ ಸೇರಿ ಕೂಡಿಹಾಕಿದ್ದ ಸಿಟ್ಟು ಒಟ್ಟಿಗೇ ಉಕ್ಕಿತು. ಸಿಡುಕಪ್ಪ ಎದ್ದ. ಕಬ್ಬಿಣದ ಕುರ್ಚಿಯೂ ಅವನೊಂದಿಗೆ ಎದ್ದಿತು. ಸೊಂಟದಿಂದ ಜಗ್ಗುತ್ತಿದ್ದ ಅದನ್ನು ಬೀಳದಂತೆ ಎರಡೂ ಕೈಯಲ್ಲಿ ಹಿಂದಕ್ಕೆ ಹಿಡಿದು, ಗೂಳಿಯ ಹಾಗೆ ಬಗ್ಗಿ, ಎರಡು ಹೆಜ್ಜೆ ಮುಂದೆ ಬಂದ. "ಯಾರ್ರೀ ಜಿಗಣೆ?"

"ಕುರ್ಚಿ ಎತ್ತಿದ! ಹೊಡೀತಾನೆ!" ಎಂದು ಯಾರೋ ಕಿರುಚಿದರು. ಸಾಹೇಬರು ನಕ್ಷೆಯ ಬೀರುವಿನ ಹಿಂದೆ ಸರಿದರು. ಅಲ್ಲಿಂದ ಅವರ ಕನ್ನಡಕ ಮಾತ್ರ ಕಾಣುತ್ತಿತ್ತು. "ಕಾವಲುಗಾರ! ಹಿಡೀರಿ ಅವನನ್ನ!"

ಗೇಟಿನಿಂದ ಕಾವಲುಗಾರ ದೊಣ್ಣೆ ಹಿಡಿದು ಓಡಿಬರುವ ಹೊತ್ತಿಗೆ ಭಾರ ತಾಳಲಾರದೆ ಸಿಡುಕಪ್ಪ ಕೋಣೆಯ ನಡುವೆ ಕೂತುಬಿಟ್ಟಿದ್ದ. ಕಾವಲುಗಾರ ಅತ್ತ ಇತ್ತ ನೋಡಿದ. "ಇವರು ಕೂತಿದಾರಲ್ಲ ಸಾರ್? ಕೂತಿರೋರನ್ನ ಏನಂತ ಹಿಡೀಲಿ?"

ಅದೇ ಹೊತ್ತಿಗೆ ಬಾಗಿಲು ನೂಕಿಕೊಂಡು ಹೆಂಡತಿ ಬಂದಳು, ಹಿಂದೆಯೇ ಏದುಸಿರು ಬಿಡುತ್ತ ಅತ್ತೆ. "ಏನೂ ಮಾಡ್ಬೇಡೀ! ಸಂಸಾರಸ್ಥರು ನೀವು!" ಎನ್ನುತ್ತ ಹೆಂಡತಿ ಅವನ ಎರಡೂ ಕೈ ಹಿಡಿದುಕೊಂಡಳು.

"ಕತ್ತರಿ ಎಲ್ಲೇ?"

"ಕತ್ತರಿ, ಚಾಕು, ಈಳಿಗೆಮಣೆ ಎಲ್ಲಾ ಎದುರುಮನೆಯವರ ಕೈಗೆ ಕೊಟ್ಟು ಬೀಗ ಹಾಕಿಸಿ ಬಂದೆ!"

"ಉಗುರು ಕತ್ತರಿಸೋದನ್ನೂ ಬಿಟ್ಟಿಲ್ಲ," ಎಂದರು ಅತ್ತೆ.

ಸಿಡುಕಪ್ಪ ಹಲ್ಲು ಕಚ್ಚಿ, ಅವಳ ಕಿವಿಯಲ್ಲಿ ನಡೆದದ್ದನ್ನು ಉಸುರಿದ. ಅವಳು ಸೊಂಟ ನೋಡಿದಳು, ಮೆತ್ತೆ ನೋಡಿದಳು, ಮುಖ ನೋಡಿದಳು. ದಾರಿಯುದ್ದಕ್ಕೂ ಹೆದರಿದ ಹೆದರಿಕೆಯೆಲ್ಲ ಒಮ್ಮೆಲೇ ಸಿಟ್ಟಾಗಿ, ಬೀದಿಗೆ ಕೇಳುವ ದನಿಯಲ್ಲಿ ಹೊರಬಿತ್ತು.

"ಮೈಮೇಲೆ ಇಟ್ಕೊಂಡು ಹೊಲೀಬೇಡಿ ಅಂತ ಹೇಳೋಕೆ ಬಂದ್ರೆ ಬಾಯಿ ಮುಚ್ಚಿಸಿದ್ರಿ! ಈಗ ನೋಡಿ, ಕುರ್ಚಿ ಸಮೇತ ಹೊಲ್ಕೊಂಡು ಕೂತಿದೀರಿ!"

ಕಾರ್ಯದರ್ಶಿಯ ಮುಖ ಜೋತುಬಿತ್ತು. "ಅಂದ್ರೆ... ಬರೀ ಹೊಲಿಗೆನಾ?" ಎಂದ. ಅವನ ದನಿ ಸತ್ತವರ ಮನೆಯಲ್ಲಿ ಕೇಳುವಂತಿತ್ತು. ಒಬ್ಬೊಬ್ಬರೇ ತಮ್ಮ ಮೇಜಿಗೆ ಸರಿದರು.

ಬೀರುವಿನ ಹಿಂದಿನಿಂದ ಸಾಹೇಬರು ಹೊರಬಂದು ನಕ್ಕರು. ಅವರು ನಕ್ಕದ್ದನ್ನು ಆ ಕಚೇರಿ ಕಂಡದ್ದು ಅದೇ ಮೊದಲು. ನಗು ಅವರ ಸಿಟ್ಟಿಗಿಂತ ಕೆಟ್ಟದಾಗಿತ್ತು. "ಹೊಲಿಗೆ! ನಾನು ಇವನಿಗೆ ಧೈರ್ಯ ಬಂತೇನೋ ಅಂದ್ಕೊಂಡೆ! ನನ್ನ ಕತ್ತರಿ ಕೊಡ್ತೀನಿ ತಗೊಳ್ಳಿ, ಬಿಚ್ಚಿ."

"ನಿಮ್ಮ ಕತ್ತರಿ ಬೇಡ, ಬಟ್ಟೆ ಹಾಳಾಗುತ್ತೆ," ಎಂದಳು ಹೆಂಡತಿ ತಿರುಗಿಯೂ ನೋಡದೆ. ನೆಲದ ಮೇಲೆ ಕೂತು, ಸೂಜಿಯ ಮೊನೆಯಿಂದಲೇ ಒಂದೊಂದು ಹೊಲಿಗೆ ಎತ್ತಿ ಬಿಡಿಸತೊಡಗಿದಳು. ಪ್ರತಿ ಹೊಲಿಗೆಗೂ ಒಂದು ಬೈಗುಳ. ಕೆಳಗೆ ಒಂದು ಕೈ ಇಟ್ಕೊಂಡು ಹೊಲೀಬೇಕು ಅನ್ನೋದು ಗೊತ್ತಿಲ್ವಾ. ಸೂಜಿ ಬಿಗಿಯಾದ್ರೆ ತಿರುಗಿಸಿ ನೋಡ್ಬೇಕು ಅನ್ನೋದು ಗೊತ್ತಿಲ್ವಾ. ಇಷ್ಟು ಗಂಟು ಯಾರು ಹಾಕ್ತಾರೆ, ದನ ಕಟ್ಟೋಕಾ. ಕಡೆಯ ದಾರ ಬಿಟ್ಟುಕೊಂಡಿತು. ಸಿಡುಕಪ್ಪ ಎದ್ದು, ಕುರ್ಚಿಯನ್ನು ತನ್ನ ಮೇಜಿನ ಬಳಿಗೆ ಎಳೆದುಕೊಂಡು ಹೋಗಿ, ಚೀಲ ಸೊಂಟಕ್ಕೆ ಹಿಡಿದು ಕೂತ.

"ಸರಿ," ಎಂದರು ಸಾಹೇಬರು. "ಮೊದಲಿಂದ ಶುರು ಮಾಡೋಣ. ನಾನು ಒಳಗೆ ಹೋಗಿ ಈಚೆ ಬರ್ತೀನಿ. ಎಲ್ಲರೂ ಎದ್ದು ನಿಲ್ಲಬೇಕು. ಈ ದರ್ಜಿ ಮಹಾಶಯ ಎಲ್ಲರಿಗಿಂತ ಮೊದಲು."

ಒಳಗೆ ಹೋದರು. ಬಾಗಿಲು ನಿಧಾನವಾಗಿ ಮುಚ್ಚಿ, ನಿಧಾನವಾಗಿ ತೆರೆಯಿತು. ಬೂಟು ಸದ್ದಾಯಿತು.

ಕುರ್ಚಿಗಳು ಕಿರುಗುಟ್ಟಿದವು. ಸಿಡುಕಪ್ಪನೂ ಏಳಲು ಮೇಜಿನ ಮೇಲೆ ಕೈ ಊರಿದ. ಆಗ ಪಕ್ಕದ ಮೇಜಿನಲ್ಲಿ ನಕ್ಷೆಯಮ್ಮ ಕಂಡರು. ಮೇಜಿನ ಅಂಚು ಹಿಡಿದ ಬೆರಳು ಬಿಳಿಚಿದ್ದವು. ಒಂದು ಕಾಲು ನೆಟ್ಟಗಾಗಿತ್ತು, ಇನ್ನೊಂದು ನಡುಗುತ್ತಿತ್ತು. ಒಂದು ತಿಂಗಳಿನಿಂದ ಪಕ್ಕದಲ್ಲೇ ನಡೆದದ್ದನ್ನು ಅವನು ತನ್ನದೇ ಸಿಟ್ಟಿನ ಗಡಿಬಿಡಿಯಲ್ಲಿ ಸರಿಯಾಗಿ ನೋಡಿಯೇ ಇರಲಿಲ್ಲ. ಈಗ ನೋಡಿದ. ಅವನಿಗೆ ಸಿಟ್ಟು ಬಂತು. ಆದರೆ ಇದು ಲೇಸಿನ ಮೇಲೆ, ಸೂಜಿಯ ಮೇಲೆ ಬರುವ ಸಿಟ್ಟಿನ ಜಾತಿಯದಲ್ಲ. ಇದಕ್ಕೆ ಸದ್ದೇ ಇರಲಿಲ್ಲ.

ಊರಿದ ಕೈ ತೆಗೆದು, ಹಿಂದಕ್ಕೆ ಒರಗಿ ಕೂತ.

ಸಾಹೇಬರು ಎದುರು ಬಂದು ನಿಂತರು. "ಏನ್ರೀ, ಈಗೇನು ಹೊಲ್ಕೊಂಡಿದೀರಿ?"

"ಏನೂ ಇಲ್ಲ ಸಾರ್."

"ಮತ್ತೆ ಏಳಿ."

"ಏಳಲ್ಲ."

ಕೂಗಲಿಲ್ಲ. ನಲ್ಲಿಯಲ್ಲಿ ನೀರಿಲ್ಲ ಎಂಬುದನ್ನು ಮರ್ಯಾದಸ್ಥರು ಹೇಳುವ ಹಾಗೆ ಹೇಳಿದ. ಆಮೇಲೆ ಪಕ್ಕಕ್ಕೆ ತಿರುಗಿ, "ನೀವೂ ಕೂತ್ಕೊಳ್ಳಿಮ್ಮ. ಮಂಡಿ ನೋವು ಅಂತ ಬಾಯಿಬಿಟ್ಟು ಹೇಳೋಕೆ ಏನು ಧಾಡಿ ನಿಮಗೆ?" ಎಂದು ಆಕೆಯ ಮೇಲೂ ರೇಗಿದ.

ನಕ್ಷೆಯಮ್ಮ ಕೂತರು. ಕೂತದ್ದರ ಜೊತೆಗೆ ಅವರ ಬಾಯಿಂದ "ಅಬ್ಬಾ" ಎಂಬ ಉಸಿರೊಂದು ಬಂತು. ಅದು ಕೋಣೆಗೆಲ್ಲ ಕೇಳಿಸಿತು. ಕಾರ್ಯದರ್ಶಿ ಒಂದು ಕ್ಷಣ ಅತ್ತ ಇತ್ತ ನೋಡಿದ. ಎಷ್ಟೋ ದಿನದಿಂದ ಕಾಯುತ್ತಿದ್ದ ಸಂದರ್ಭ ಹೇಳದೇ ಕೇಳದೇ ಬಂದುಬಿಟ್ಟಿತ್ತು. ಭಾಷಣ ನೆನಪಾಗಲಿಲ್ಲ, ಸುಮ್ಮನೆ ಕೂತ. ಆಮೇಲೆ ಎಲ್ಲರೂ ಕೂತರು.

"ನನಗೂ ಒಂದು ಕುರ್ಚಿ ಕೊಡ್ರಪ್ಪ," ಎಂದರು ಅತ್ತೆ. "ಎಲ್ಲರೂ ಕೂತ್ಮೇಲೆ ನಾನೊಬ್ಬಳು ಯಾಕೆ ನಿಂತಿರ್ಲಿ?" ಕಾವಲುಗಾರ ಸಾಹೇಬರ ಕೋಣೆಯಿಂದಲೇ ಒಂದು ತಂದುಕೊಟ್ಟ.

ಒಬ್ಬನನ್ನು ಎಬ್ಬಿಸಬಹುದು, ಅಷ್ಟು ಜನರನ್ನು ಎಬ್ಬಿಸುವುದು ಹೇಗೆಂದು ಸಾಹೇಬರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸ್ವಲ್ಪ ಹೊತ್ತು ಗೋಡೆಯ ಮೇಲಿನ ಕೊಳವೆಗಳ ನಕ್ಷೆಯನ್ನು ಬಹಳ ಆಸಕ್ತಿಯಿಂದ ನೋಡಿ, ಒಳಗೆ ಹೋದರು. ಮರುದಿನದಿಂದ ಅವರು ಉಗ್ರಾಣದ ಕಡೆಯ ಹಿಂಬಾಗಿಲಿನಿಂದ ಓಡಾಡತೊಡಗಿದರು. ನಿಯಮ ರದ್ದಾಯಿತೆಂದು ಯಾರೂ ಹೇಳಲಿಲ್ಲ; ಯಾರೂ ಕೇಳಲೂ ಇಲ್ಲ.

ಸಂಜೆ ಮೂವರೂ ಒಂದೇ ಬಸ್ಸಿನಲ್ಲಿ ಮನೆಗೆ ಹೊರಟರು. ಹೆಂಡತಿ ಮತ್ತು ಅತ್ತೆಗೆ ಸೀಟು ಸಿಕ್ಕಿತು. ಸಿಡುಕಪ್ಪ ಕಂಬಿ ಹಿಡಿದು, ತೆರೆದ ಹೊಲಿಗೆಗೆ ಚೀಲ ಒತ್ತಿಕೊಂಡು ನಿಂತ. ಹೆಂಡತಿ ಒಂದೆರಡು ಸಲ ತಲೆಯೆತ್ತಿ ಅವನನ್ನು ನೋಡಿದಳು. ಬೈಯಲು ಇನ್ನೂ ಬಹಳ ಇತ್ತು, ಆದರೆ ಬೈಯಲಿಲ್ಲ. ಪಕ್ಕದ ಸೀಟಿನ ಹೆಂಗಸೊಬ್ಬಳು ಅವನ ದಣಿದ ಮುಖ ಕಂಡು ಮರುಗಿ ಎದ್ದಳು.

"ಬನ್ನಿ ಸಾರ್, ಕೂತ್ಕೊಳ್ಳಿ."

"ಬೇಡ!" ಎಂದು ಸಿಡುಕಪ್ಪ ಬಸ್ಸೆಲ್ಲ ಬೆಚ್ಚುವ ಹಾಗೆ ಗುಡುಗಿದ. "ಬೆಳಗಿಂದ ಕೂತು ಕೂತು ಸಾಕಾಗಿದೆ. ಒಂದು ಗಳಿಗೆ ನಿಂತಿರೋಕಾದ್ರೂ ಬಿಡ್ರೀ ನನ್ನ!"